ಗುಲಾಬಿ ಅತ್ತೆಯ ಕುಪ್ಪಿ ಕಿಟಕಿ

ಸಂಜೆ ಕೆಲಸ ಮುಗಿದ ಮೇಲೆ ನಾವು ಪೇಂಟಿಂಗಿನವರು ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತೇವೆ. ಹಳೆಯ ಪೇಪರಿನ ಚೂರು ಅದ್ದಿ ಬೆರಳ ಸಂದು, ಉಗುರಿನ ಬುಡ ಎಲ್ಲ ಉಜ್ಜಬೇಕು. ಸೀಮೆಎಣ್ಣೆಯಲ್ಲಿ ನೆನೆದ ಕಾಗದದಿಂದ ಒಂದು ವಾಸನೆ ಏಳುತ್ತದೆ. ನನ್ನ ಜೊತೆ ಕೆಲಸ ಮಾಡುವವರಿಗೆ ಅದು ಮನೆಗೆ ಹೊರಡುವ ಹೊತ್ತಿನ ವಾಸನೆ. ನನಗೆ ಅದು ಗುಲಾಬಿ ಅತ್ತೆಯ ಕೈಯ ವಾಸನೆ. ಅದು ಮೂಗಿಗೆ ಬಡಿದಾಗಲೆಲ್ಲ ಯಾರೋ ಹೆಸರು ಹಿಡಿದು ಕರೆದಂತಾಗಿ ಮುಖ ಆಚೆ ತಿರುಗಿಸುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕುಂದಾಪುರದಿಂದ ಬ್ರಹ್ಮಾವರದವರೆಗೆ ನಾನು ಬಣ್ಣ ಹೊಡೆದ ಮನೆಗಳನ್ನು ಬಸ್ಸಿನ ಕಿಟಕಿಯಿಂದಲೇ ಬೆರಳು ಮಾಡಿ ತೋರಿಸಬಲ್ಲೆ. ನನ್ನ ಕೆಲಸಕ್ಕೆ ಹೆಸರಿಡುವವನು ಇನ್ನೂ ಹುಟ್ಟಿಲ್ಲ ಎಂದು ಎದುರಿಗೇ ಹೇಳುವಷ್ಟು ಸೊಕ್ಕೂ ಇದೆ. ಆದರೆ ಈ ಒಂದು ಸಂಗತಿಯಲ್ಲಿ ನಾನು ತಲೆ ಎತ್ತಲಾರೆ. ಅದನ್ನೇ ಬರೆಯಲು ಕೂತಿದ್ದೇನೆ.

ಗುಲಾಬಿ ಅತ್ತೆ ನನ್ನ ಅಪ್ಪಯ್ಯನ ಅಕ್ಕ. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಹಂಗಳೂರಿನ ಹೈವೇ ಬದಿಯ ನಮ್ಮ ಮನೆಗೆ ವಾಪಸು ಬಂದವಳು. ನಮ್ಮ ಅಬ್ಬಿಗೆ ಉಬ್ಬಸ. ಹಾಗಾಗಿ ನಾನೂ ಅಕ್ಕನೂ ಹುಟ್ಟಿದ್ದು ಅಬ್ಬಿಯ ಹೊಟ್ಟೆಯಲ್ಲಾದರೂ ಬೆಳೆದದ್ದು ಅತ್ತೆಯ ಸೊಂಟದ ಮೇಲೆ. ನಮ್ಮನ್ನು ಮೀಯಿಸಿ, ಗಂಜಿ ಉಣ್ಣಿಸಿ, ಅಕ್ಕನಿಗೆ ಜಡೆ ಹೆಣೆದು, ಅಬ್ಬಿಗೆ ಕಷಾಯ ಕಾಯಿಸಿಟ್ಟು, ಆಮೇಲೆ ಸೀರೆ ಎತ್ತಿಕಟ್ಟಿಕೊಂಡು ಹೊಳೆ ಬದಿಯ ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋಗುತ್ತಿದ್ದಳು. ಸಂಜೆ ಬರುವಾಗ ಅವಳ ಮಡಿಲಲ್ಲಿ ಬೇರೆ ಅತ್ತೆಯಂದಿರ ಹಾಗೆ ಕಡಲೆಯೋ ಬನ್ನೋ ಇರುತ್ತಿರಲಿಲ್ಲ. ಇರುತ್ತಿದ್ದದ್ದು ಹಳೆಯ ಗಾಜಿನ ಕುಪ್ಪಿಗಳು.

ಕಾರ್ಖಾನೆಯ ಹಿತ್ತಲಲ್ಲಿ ದೊರೆಗಳ ಕಾಲದ ಬಂಗಲೆಯೊಂದು ಮಾಡು ಕುಸಿದು ಬಿದ್ದಿತ್ತು. ಅದರ ಸುತ್ತ ಮಣ್ಣು ಅಗೆದಾಗ, ಹೊಳೆ ಇಳಿದು ಕೆಸರು ಕಂಡಾಗ, ಎಂಥೆಂಥದೋ ಕುಪ್ಪಿಗಳು ಮೇಲೆ ಬರುತ್ತಿದ್ದವು. ಶಾಯಿಯ ಚೌಕದ ಕುಪ್ಪಿ, ಮೈಮೇಲೆ ಗೀರುಗೀರಿದ್ದ ನೀಲಿ ಮದ್ದಿನ ಕುಪ್ಪಿ, ಕುತ್ತಿಗೆಯಲ್ಲಿ ಗೋಲಿ ಸಿಕ್ಕಿಕೊಂಡ ಸೋಡಾ ಕುಪ್ಪಿ, ಬುಡ ದಪ್ಪಗಿದ್ದು ಒಳಗೆ ಗುಳ್ಳೆ ನಿಂತ ಹಸುರು ಕುಪ್ಪಿ. ಬೇರೆ ಹೆಂಗಸರು ಅವನ್ನು ಕಾಲಲ್ಲಿ ಒದ್ದು ಬದಿಗೆ ಸರಿಸುತ್ತಿದ್ದರು. ಅತ್ತೆ ಹೆಕ್ಕುತ್ತಿದ್ದಳು. ಅಮಾಸೆಬೈಲಿಗೋ ಹಾಲಾಡಿಗೋ ನೆಂಟರ ಮದುವೆಗೆ ಹೋದರೂ ಎಲ್ಲರೂ ಚಪ್ಪರದಲ್ಲಿ ಕೂತಿರುವಾಗ ಇವಳು ಹಟ್ಟಿಯ ಹಿಂದೆ ಹುಡುಕುತ್ತಿದ್ದಳು. "ಮದಿಗ್ ಹೋದರ್ ಉಂಡ್ಕಂಡ್ ಬತ್ರ್. ನಮ್ಮನೀದ್ ಕುಪ್ಪಿ ಹೆಕ್ಕಂಡ್ ಬತ್ತ್" ಎಂದು ಅಪ್ಪಯ್ಯ ನಗೆಯಾಡುತ್ತಿದ್ದ. "ಉಂಡದ್ದ್ ನಾಳಿಗ್ ಉಳಿತ್ತಾ? ಇದ್ ಉಳಿತ್ತ್ ಕಾಣ್" ಎನ್ನುವಳು ಅತ್ತೆ.

ಆದಿತ್ಯವಾರ ಅವಳು ಬಾವಿಕಟ್ಟೆಯಲ್ಲಿ ಕೂತು ಅವನ್ನು ತೊಳೆಯುವುದನ್ನು ನೀವು ನೋಡಬೇಕಿತ್ತು. ಚೀಟಿ ಅಂಟಿದ್ದರೆ ಸೀಮೆಎಣ್ಣೆ ಸವರಿ, ಅದು ಉಬ್ಬಿ ಏಳುವವರೆಗೆ ಕಾದು, ಕಪ್ಪೆಚಿಪ್ಪಿನ ಅಂಚಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ಒಳಗಿನ ಕೊಳೆಗೆ ಒಂದು ಹಿಡಿ ಹೊಯ್ಗೆ ಹಾಕಿ, ನೀರು ಬಿಟ್ಟು, ಬಾಯಿಗೆ ಅಂಗೈ ಒತ್ತಿ ಕುಲುಕುತ್ತಿದ್ದಳು. ಗಾಜಿನ ಒಳಗೆ ಮರಳು ಸುತ್ತುವ ಆ ಜರ್ರ್ ಜರ್ರ್ ಸದ್ದಿಗೆ ನಮ್ಮ ಬೆಕ್ಕು ಎದ್ದು ಹೋಗುತ್ತಿತ್ತು. ಕೊನೆಗೆ ಅಂಟುವಾಳಕಾಯಿಯ ನೊರೆಯಲ್ಲಿ ಅದ್ದಿ ತೆಗೆದು, ಬೇಲಿಯ ಗೂಟಗಳ ತಲೆಗೆ ಒಂದೊಂದನ್ನೇ ಬೋರಲು ಹಾಕಿ ಒಣಗಿಸುತ್ತಿದ್ದಳು. ಒಣಗಿದ್ದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆಚೆ ಈಚೆ ತಿರುಗಿಸಿ ನೋಡುವಾಗ ಅವಳ ಮುಖ ಚಿಕ್ಕ ಹುಡುಗಿಯ ಮುಖದ ಹಾಗೆ ಆಗುತ್ತಿತ್ತು. ಮಣ್ಣು ಹೊತ್ತು ಹೊತ್ತು ನೆತ್ತಿಯ ಕೂದಲು ಉದುರಿದ ಹೆಂಗಸು ಅವಳು. ಆ ಕ್ಷಣಕ್ಕೆ ಅದು ಕಾಣುತ್ತಿರಲಿಲ್ಲ.

ನಮ್ಮ ಚಾವಡಿಯ ಕಿಟಕಿ ಮೂಡು ದಿಕ್ಕಿಗಿತ್ತು. ಮರದ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಅಪ್ಪಯ್ಯ ಅಲ್ಲಿಂದ ಮೂರು ಹಲಗೆ ತಂದು ಆ ಕಿಟಕಿಗೆ ಅಡ್ಡ ಹೊಡೆದು ಕೊಟ್ಟಿದ್ದ. ಕೆಳಗಿನ ಹಲಗೆಯಲ್ಲಿ ಕಂದು ಕುಪ್ಪಿಗಳು, ನಡುವೆ ಹಸುರು, ಮೇಲೆ ನೀಲಿ. ಎರಡು ಕುಪ್ಪಿಗಳ ನಡುವೆ ಎರಡು ಬೆರಳಿನ ಜಾಗ. ಅಕ್ಕ ಒಮ್ಮೆ ಒಂದರಲ್ಲಿ ದಾಸವಾಳ ಸಿಕ್ಕಿಸಿಟ್ಟಿದ್ದಳು. "ಹೂಗ್ ಹಾಕುಕಾಗ ಮಗಾ. ಕುಪ್ಪಿಗ್ ಬೆಳ್ಕೇ ಹೂಗ್" ಎಂದು ಅತ್ತೆ ಅದನ್ನು ತೆಗೆದು ಅಕ್ಕನ ಜಡೆಗೇ ಮುಡಿಸಿದಳು. ಬೆಳಗ್ಗೆ ಏಳೂವರೆಗೆ ಬಿಸಿಲು ಹಾಯುವಾಗ ನಮ್ಮ ಕೆಂಪು ನೆಲದ ಮೇಲೆ ಬಣ್ಣದ ಬೆಳಕು ಹರಡುತ್ತಿತ್ತು. ಗಂಜಿಯ ಬಟ್ಟಲಲ್ಲಿ ನೀಲಿ, ಅಬ್ಬಿಯ ಪಾದದ ಮೇಲೆ ಹಸುರು. ಹೈವೇಯಲ್ಲಿ ಲೋಡ್ ಲಾರಿ ಹೋದರೆ ಎಲ್ಲ ಕುಪ್ಪಿಗಳೂ ಸಣ್ಣಗೆ ನಡುಗಿ ಕಿಣಿಕಿಣಿ ಎನ್ನುತ್ತಿದ್ದವು. ನನ್ನ ಕೈಯಲ್ಲಿ ಎಷ್ಟೋ ದೊಡ್ಡ ಮನೆಗಳ ಚಾವಡಿ ಚಂದವಾಗಿದೆ, ಆದರೆ ಅಂಥ ಬೆಳಕನ್ನು ಯಾವ ಡಬ್ಬಿಯಿಂದಲೂ ನನಗೆ ತೆಗೆಯಲಾಗಿಲ್ಲ.

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಆಗ ನನಗೆ ಆ ಕಿಟಕಿ ಕಂಡರೆ ಆಗುತ್ತಿರಲಿಲ್ಲ. ಕಂದು ಕುಪ್ಪಿಗಳಲ್ಲಿ ಹೆಚ್ಚಿನವು ಬ್ರಾಂದಿಯವು. ಅತ್ತೆಗೆ ಓದಲು ಬಾರದು, ಗೊತ್ತಾದರೂ ಅವಳಿಗೆ ಅದು ಲೆಕ್ಕಕ್ಕಿಲ್ಲ. ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವ ಕಿಟಕಿ. ನಮ್ಮ ಕಡೆ ಸಾರಾಯಿ ಅಂಗಡಿಗೆ ಗಡಂಗು ಎನ್ನುತ್ತಾರೆ. ಶಾಲೆಯಲ್ಲಿ ಹುಡುಗರು, "ಹ್ವಾಯ್, ನಿಮ್ಮನಿ ಗಡಂಗ್ ಎಷ್ಟೊತ್ತಿಗ್ ಬಾಗ್ಲ್ ತೆಗಿತ್ತ್?" ಎಂದು ಕೇಳುತ್ತಿದ್ದರು. "ನಿನ್ನತ್ತೆ ಬರೀ ಹೆಕ್ಕುದಾ, ಒಂಚೂರ್ ಕುಡುದೂ ಇತ್ತಾ?" ಎಂದವನ ತುಟಿ ಒಡೆದಿದ್ದೆ. ಕಲಿಕೆ ತಲೆಗೆ ಹತ್ತಲಿಲ್ಲ, ಅದಕ್ಕೆ ಶಾಲೆ ಬಿಟ್ಟೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜವೆಂದರೆ ಆ ಬೆಂಚಿಗೆ ಮತ್ತೆ ಹೋಗಿ ಕೂರಲು ನನ್ನ ಮರ್ಯಾದೆ ಬಿಡಲಿಲ್ಲ. "ಇದೆಲ್ಲ ತೆಗ್ದ್ ಬಿಸಾಡ್ ಅತ್ತೆ, ನಂಗ್ ನಾಚ್ಕಿ ಆತ್ತ್" ಎಂದು ಒಮ್ಮೆ ಕೂಗಾಡಿದ್ದೆ. ಅವಳು ನಕ್ಕುಬಿಟ್ಟಳು. "ನಾಚ್ಕಿ ಎಂತಕ್ಕಾ? ಕುಪ್ಪಿ ಖಾಲಿ ಅಲ್ದಾ?"

ಅದೇ ವರ್ಷ, ತೊಂಬತ್ತೇಳರಲ್ಲಿ, ಅಕ್ಕನಿಗೆ ಬೈಂದೂರಿನಿಂದ ಒಂದು ಸಂಬಂಧ ಬಂತು. ಹುಡುಗ ಬೊಂಬಾಯಿಯ ಹೋಟೆಲಿನಲ್ಲಿದ್ದ, ಅವನ ಫೋಟೋ ಮಾತ್ರ ನಮ್ಮಲ್ಲಿ ಬಂದಿತ್ತು. ಅವನ ತಾಯಿಯೂ ಸೋದರಮಾವನೂ ಒಂದು ಆದಿತ್ಯವಾರ ಹುಡುಗಿ ನೋಡಲು ಬರುವುದೆಂದಾಯಿತು. ನಮಗಿಂತ ಮೇಲಿನ ಮನೆ. ಅಬ್ಬಿ ವಾರವಿಡೀ ನೆಲ ಉಜ್ಜಿದಳು. ಅತ್ತೆಗೆ ಮೇಲಿನ ಹಲಗೆಯಲ್ಲಿ ಒಂದು ನೀಲಿ ಕುಪ್ಪಿ ಕಡಿಮೆ ಇದೆ ಎಂಬ ಚಿಂತೆ. ಬಂಗಲೆಯ ಅಡುಗೆಮನೆಯ ತಳಪಾಯ ಅಗೆಯುತ್ತಾರೆ ಎಂದು ಕೇಳಿ, ಒಂಬತ್ತರೊಳಗೆ ಬಂದು ಮಿಂದು ಸೀರೆ ಬದಲಿಸುತ್ತೇನೆಂದು ಬೆಳಗ್ಗೆಯೇ ಹೊರಟುಹೋದಳು. ಹತ್ತು ಗಂಟೆಯಾದರೂ ಬರಲಿಲ್ಲ. ನೆಂಟರನ್ನು ಕರೆತರಲು ನನ್ನನ್ನು ಬಸ್‌ಸ್ಟಾಪಿಗೆ ಕಳಿಸಿದರು.

ಆ ಅಮ್ಮ ಜರಿಸೀರೆ ಉಟ್ಟು ಇಳಿದರು. ಅವರ ಅಣ್ಣನ ಕಾಲಲ್ಲಿ ಬೂಟು, ಕೈಯಲ್ಲಿ ಚರ್ಮದ ಬ್ಯಾಗು. ಬ್ಯಾಗನ್ನು ನಾನೇ ಕೇಳಿ ಇಸಿದುಕೊಂಡೆ. ಅಂಥವರ ಜೊತೆ ಊರ ರಸ್ತೆಯಲ್ಲಿ ನಡೆಯುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಶಾಲೆಯ ಹುಡುಗರು ಯಾರಾದರೂ ಎದುರು ಸಿಗಲಿ ಎಂದು ಹಾರೈಸುತ್ತಿದ್ದೆ. ಎದುರು ಸಿಕ್ಕಿದ್ದು ಅತ್ತೆ. ಸೀರೆ ಮೊಣಕಾಲಿನವರೆಗೆ ಎತ್ತಿಕಟ್ಟಿತ್ತು, ಮೊಣಕೈವರೆಗೆ ಕೆಸರು, ತಲೆಯ ಮೇಲೆ ಕುಪ್ಪಿಗಳ ಬುಟ್ಟಿ. ದೂರದಿಂದಲೇ ಕೂಗಿದಳು: "ಹ್ವಾಯ್ ಮಗಾ! ಸಿಕ್ತ್! ನೀಲಿ ಸಿಕ್ತ್ ಕಾಣ್!"

"ಅದ್ ನಿನ್ನ್ ಕರುದಲ್ದಾ? ಯಾರಾ ಅದ್?" ಎಂದು ಸೋದರಮಾವ ಕೇಳಿದರು.

"ಅದಾ? ನಮ್ಮನಿ ಕೆಲ್ಸದ ಹೆಂಗ್ಸ್" ಎಂದೆ.

ಯೋಚಿಸಿ ಹೇಳಿದ್ದಲ್ಲ. ಆದರೆ ತಡವರಿಸಲೂ ಇಲ್ಲ. ಅತ್ತೆ ಅಷ್ಟರಲ್ಲಿ ಹತ್ತಿರ ಬಂದಾಗಿತ್ತು, ಕೇಳಿಸಿತು. ಅವಳ ಕೈ ಬುಟ್ಟಿಯ ಅಂಚಿನಲ್ಲಿ ಒಂದು ಗಳಿಗೆ ನಿಂತಿತು. ನನ್ನನ್ನು ನೋಡಿದಳು. ಬೈದಂತೆ ನೋಡಿದ್ದರೆ ಈ ಬರಹವೇ ಬೇಕಿರಲಿಲ್ಲ. ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಎತ್ತಿಕಟ್ಟಿದ ಸೀರೆ ಇಳಿಸಿ, ರಸ್ತೆಯ ಬದಿಗೆ ಸರಿದು, "ಹೌದ್ ಅಮ್ಮಾ, ಇವ್ರ್ ಮನೀಲೇ ಕೆಲ್ಸಕ್ಕಿಪ್ದ್. ಬಿಸ್ಲ್ ಏರ್ತ್, ನೀವ್ ಮುಂದ್ ಹೋಯ್ನಿ" ಎಂದಳು. ನಾವು ಮುಂದೆ ಹೋದೆವು. ಅವಳು ಎಷ್ಟು ಹಿಂದೆ ಉಳಿದಳೆಂದು ನಾನು ತಿರುಗಿ ನೋಡಲಿಲ್ಲ.

ಮನೆಯಲ್ಲಿ ಬೆಲ್ಲ ನೀರು ಕೊಟ್ಟು ಕೂರಿಸಿದರು. ಕಿಟಕಿ ಕಂಡು ಇವರು ಏನೆನ್ನುತ್ತಾರೋ ಎಂದು ನಾನು ಅದಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತೆ. ಆ ಅಮ್ಮ ಲೋಟ ಕೆಳಗಿಡುವುದನ್ನೂ ಮರೆತು ಎದ್ದು ಕಿಟಕಿಯ ಹತ್ತಿರ ಹೋದರು. "ಅಬ್ಯಾ! ಇದೆಂತ ಚಂದ ಮಾರಾಯ್ರೆ! ಬೊಂಬಾಯಿ ದೊಡ್ ದೊಡ್ ಮನೀಲೂ ನಾ ಹೀಂಗಿದ್ದ್ ಕಂಡದ್ದಿಲ್ಲೆ. ಇದ್ ಯಾರ್ ಮಾಡದ್?" ಅಪ್ಪಯ್ಯ ಖುಷಿಯಿಂದ ಬಾಯಿ ತೆರೆಯುವಷ್ಟರಲ್ಲಿ, ಹಿಂಬಾಗಿಲಿನಿಂದ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ಹೇಳಿಬಿಟ್ಟಳು: "ನಮ್ಮ್ ಹೆಣ್ಣೇ ಮಾಡದ್ ಅಮ್ಮಾ. ನಾ ಬರೀ ತೊಳ್ದ್ ಕೊಡುದ್." ಅಪ್ಪಯ್ಯ ಅವಳನ್ನೂ ನನ್ನನ್ನೂ ನೋಡಿದ. "ಇಂಥಾ ಕೈ ಇಪ್ಪ ಹೆಣ್ಣ್ ನಮ್ಮನಿಗ್ ಬಂದ್ರೆ ಮತ್ತೆಂತ ಬೇಕ್?" ಎಂದು ಆ ಅಮ್ಮ ಅಕ್ಕನ ಕೈ ಹಿಡಿದುಕೊಂಡರು. ಸಂಬಂಧ ಅಲ್ಲೇ ಗಟ್ಟಿಯಾಯಿತು. ನಾನು ಯಾವುದಕ್ಕೆ ನಾಚಿದ್ದೆನೋ ಅದನ್ನು ನೋಡಿಯೇ ಅವರು ಒಪ್ಪಿದ್ದರು.

ಅವರು ಹೋದ ಮೇಲೆ ಅಪ್ಪಯ್ಯ ಗದರಿ ಕೇಳಿದಾಗ ನನ್ನ ಬಾಯಿಂದಲೇ ಸಂಗತಿ ಹೊರಬಿತ್ತು. ಅಪ್ಪಯ್ಯ ಕೈ ಎತ್ತಿದ. ಅತ್ತೆ ಆ ಕೈ ಹಿಡಿದಳು. "ಮೈಯೆಲ್ಲ ಕೆಸ್ರ್ ಮಾಡ್ಕಂಡ್ ಬಂದದ್ ನಾನ್. ಮಗು ಎಂತ ಹೇಳುದ್ ಪಾಪ?" ಎಂದಳು. ಆಗಲೇ ಬೈಂದೂರಿಗೆ ಹೋಗಿ ನಿಜ ಹೇಳಿ ಬರುತ್ತೇನೆಂದು ಅಪ್ಪಯ್ಯ ಹೊರಟಿದ್ದ. ಅದನ್ನೂ ತಡೆದವಳು ಅವಳೇ. "ಈಗ್ ಹೋಯಿ ಹೇಳ್ರೆ, ಇವ್ರ್ ಇನ್ನೆಂತೆಂತ ಮುಚ್ಚಿಟ್ಟಿದ್ರೋ ಅಂಬ್ರ್. ಹೆಣ್ಣಿನ್ ಮದಿ ಮುಗೀಲಿ. ಕಡಿಕ್ ಹೇಳ್ರೆ ಆಯ್ತ್." ನಮ್ಮ ಕಡೆ ಮಾತು ಕೊಟ್ಟ ಮೇಲೆ ಸಿಕ್ಕಿಬಿದ್ದ ಸಣ್ಣ ಸುಳ್ಳೂ ಸಂಬಂಧ ಮುರಿಯುವಷ್ಟು ದೊಡ್ಡದು ಎಂದು ಎಲ್ಲರೂ ನಂಬಿದ್ದರು. ಅಬ್ಬಿ ಒಪ್ಪಿದಳು. ಅಪ್ಪಯ್ಯನೂ ಒಪ್ಪಿದ. ಅಕ್ಕ ಒಬ್ಬಳು ಅತ್ತಳು. ನಾನು ಹೊಡೆತ ತಪ್ಪಿತೆಂದು ಸಮಾಧಾನಪಟ್ಟುಕೊಂಡೆ.

ನಮ್ಮ ಮನೆಯ ಕ್ರಮದಲ್ಲಿ ಮದುಮಗಳಿಗೆ ಮೊದಲು ಅರಸಿನ ಎಣ್ಣೆ ಹಚ್ಚಬೇಕಾದವಳು ಸೋದರತ್ತೆ. ಅತ್ತೆ ಒಳಕೋಣೆಯ ಬಾಗಿಲು ಹಾಕಿಕೊಂಡು ಹಚ್ಚಿದಳು. ನಮ್ಮ ನೆಂಟರು ಮದುವೆಯ ಹಾಲ್‌ನಲ್ಲಿ ಅವಳನ್ನು "ಗುಲಾಬಕ್ಕಾ" ಎಂದು ಮಾತಾಡಿಸಿದರೆ ಗುಟ್ಟು ಬಯಲಾಗುತ್ತದಲ್ಲ, ಹಾಗಾಗಿ ಮನೆ ಕಾಯಲು ಒಬ್ಬರು ಬೇಕೆಂದು ಮದುವೆಗೇ ಬರಲಿಲ್ಲ. ಕೇಳಿದವರಿಗೆ ಜ್ವರ ಎಂದೆವು. ನಾವು ಊಟ ಮುಗಿಸಿ, ಅಕ್ಕನನ್ನು ಕಳಿಸಿ, ಸಂಜೆ ಬಂದಾಗ ಅವಳು ಹೊಸ ಸೀರೆ ಉಟ್ಟುಕೊಂಡು ಚಾವಡಿಯಲ್ಲಿ ಕೂತಿದ್ದಳು. "ಮದಿ ಲಾಯ್ಕಾಯ್ತಾ?" ಎಂದು ಕೇಳಿದಳು. ಎಲೆಯಲ್ಲಿ ಕಟ್ಟಿ ತಂದಿದ್ದ ಹೋಳಿಗೆಯನ್ನು ಅಬ್ಬಿ ಅವಳ ಮುಂದಿಟ್ಟು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮದುವೆಯಾಗಿ ಎರಡು ತಿಂಗಳಿಗೆ ಅಕ್ಕ ಕಾಗದ ಬರೆದಳು. ಬೈಂದೂರಿನ ಮನೆಯ ಕಿಟಕಿಯನ್ನೂ ಹಾಗೇ ಮಾಡಿಕೊಡು ಎಂದು ಅತ್ತೆಯಮ್ಮ ದಿನಾ ಹೇಳುತ್ತಾರೆ, ನನಗೆ ಏನೂ ಬರುವುದಿಲ್ಲ ಎಂದು. ಗುಲಾಬಿ ಅತ್ತೆ ಆ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದಳು. ಮರುದಿನ ಹಲಗೆಯಿಂದ ಎಲ್ಲ ಕುಪ್ಪಿಗಳನ್ನೂ ಇಳಿಸಿದಳು. ಒಂದೊಂದನ್ನೂ ಹುಲ್ಲಿನಲ್ಲಿ ಸುತ್ತಿ ಎರಡು ಮರದ ಪೆಟ್ಟಿಗೆಗಳಲ್ಲಿ ತುಂಬಿದಳು. ನಾನೂ ಅವಳೂ ಟೆಂಪೋದಲ್ಲಿ ಬೈಂದೂರಿಗೆ ಹೋದೆವು. ಬೆಳಗ್ಗಿಂದ ಅವಳು ಜೋಡಿಸಿದಳು. ಬಿಸಿಲು ಸರಿದಂತೆ ಹೊರಗೆ ಹೋಗಿ ನೋಡುವಳು, ಒಳಗೆ ಬಂದು ಒಂದನ್ನು ಅರ್ಧ ಬೆರಳು ಸರಿಸುವಳು. ಅಕ್ಕ ಒಡತಿಯ ಹಾಗೆ ನಿಂತು, "ಅದಲ್ಲಿಡ್, ಇದಿಲ್ಲಿಡ್" ಎನ್ನಬೇಕಾಗಿತ್ತು. "ಹೇಳ್ ಮಗಾ, ಹೇಳ್" ಎಂದು ಅತ್ತೆಯೇ ಮೆಲ್ಲಗೆ ನೆನಪಿಸುತ್ತಿದ್ದಳು.

ಮಧ್ಯಾಹ್ನ ನನಗೆ ಒಳಗೆ ಎಲೆ ಹಾಕಿದರು. ಅವಳಿಗೆ ಹಿಂದಿನ ಜಗಲಿಯಲ್ಲಿ. ಆ ಅಮ್ಮ ಕೈಬಿಗಿ ಮಾಡುವವರಲ್ಲ. ಮೀನಿನ ದೊಡ್ಡ ತುಂಡನ್ನೇ ಅವಳಿಗೂ ಬಡಿಸಿದರು, ಹೊಟ್ಟೆ ತುಂಬ ಉಣ್ಣು ಎಂದು ಹೇಳಿದರು. ನಾನು ಕೂತಲ್ಲಿಂದ ಬಾಗಿಲಿನ ಸಂದಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಉಂಡಾದ ಮೇಲೆ ತನ್ನ ಎಲೆ ತಾನೇ ತೆಗೆದು, ಕೂತ ಜಾಗ ಒರೆಸಿದಳು. ನಾನು ಎದ್ದು ಹೋಗಿ ಅವಳ ಹತ್ತಿರ ಕೂರಬಹುದಿತ್ತು. ಸಾರು ರುಚಿಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಅಲ್ ಬೆಳ್ಕ್ ಲಾಯ್ಕ್ ಬೀಳತ್ತ್ ಮಗಾ. ನಮ್ಮನಿಗಿಂತ ಚಂದ." ಆಮೇಲೆ ಅವಳು ಒಂದು ಕುಪ್ಪಿಯನ್ನೂ ಹೆಕ್ಕಲಿಲ್ಲ. ನಮ್ಮ ಕಿಟಕಿಯ ಹಲಗೆಗಳಲ್ಲಿ ಅಬ್ಬಿಯ ಮದ್ದು, ನನ್ನ ಬ್ರಶ್ಶುಗಳು ಬಂದು ಕೂತವು. ಬೈಂದೂರಿನವರು ಬರುವ ಸುದ್ದಿಯಾದರೆ ಅತ್ತೆ ಶಂಕರನಾರಾಯಣ ಊರಿನ ನೆಂಟರಲ್ಲಿಗೆ ಹೋಗಿಬಿಡುತ್ತಿದ್ದಳು. ಆಮೇಲೆ ಹೇಳಿದರಾಯಿತು ಎಂದಿದ್ದೆವಲ್ಲ, ಆ 'ಆಮೇಲೆ' ಬರಲೇ ಇಲ್ಲ. ಅಕ್ಕನಿಗೆ ಮಗುವಾದ ಮೇಲೆ ಹೇಳೋಣ ಎಂದೆವು, ಮಗುವಿಗೆ ವರ್ಷ ತುಂಬಲಿ ಎಂದೆವು. ಕಾರ್ಖಾನೆ ಮುಚ್ಚಿತು. ಅತ್ತೆಯ ಎದೆಯಲ್ಲಿ ಕಫ ಕಟ್ಟಿ, ಒಂದು ಚಳಿಗಾಲ ಪೂರ್ತಿ ಕೆಮ್ಮಿ, ತೀರಿಕೊಂಡಳು. ಕೊಳ್ಳಿ ಇಟ್ಟವನು ನಾನೇ. ಅಕ್ಕ ಅಬ್ಬಿಯನ್ನು ನೋಡುವ ನೆವ ಹೇಳಿ ಒಂದು ದಿನಕ್ಕೆ ಬಂದು, ಅಳು ನುಂಗಿಕೊಂಡು ಸಂಜೆಯ ಬಸ್ಸಿಗೆ ಹೋದಳು. ಆ ಮೇಲೆ ಹೈವೇ ಅಗಲ ಮಾಡುವಾಗ ನಮ್ಮ ಮನೆಯೂ ಹೋಯಿತು. ಚಾವಡಿ ಇದ್ದ ಜಾಗದಲ್ಲಿ ಈಗ ಬ್ರಹ್ಮಾವರದ ಕಡೆ ಹೋಗುವ ಬಸ್ಸುಗಳು ಓಡುತ್ತವೆ.

ನಾಲ್ಕೈದು ವರ್ಷದ ಹಿಂದೆ ಅಕ್ಕನ ಮನೆಗೆ ಬಣ್ಣ ಹೊಡೆಯುವ ಕೆಲಸ ಬಂತು. ಬೇರೆಯವರ ಕೈಗೆ ಬಿಡುವವನೇ ನಾನು? ನಾನೇ ಹೋದೆ. ಕಿಟಕಿಯ ಗೋಡೆಗೆ ಬಂದಾಗ ಕುಪ್ಪಿಗಳನ್ನು ಇಳಿಸಬೇಕಾಯಿತು. ಅಕ್ಕನ ಅತ್ತೆಗೆ ಆಗಲೇ ವಯಸ್ಸಾಗಿತ್ತು, ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಜಾಗ್ರತಿ ಮಾರಾಯಾ. ಅವತ್ ಆ ಹೆಂಗ್ಸ್ ಎಷ್ಟ್ ನಾಜೂಕಾಯ್ ಇಟ್ಟಿತ್. ಅದ್ ಈಗ್ ಎಲ್ಲಿತ್ತಾ?"

ನಾನು ಏಣಿಯ ಮೇಲಿದ್ದೆ. "ತೀರಿ ಹೋಯ್ತ್ ಅಮ್ಮಾ" ಎಂದೆ.

"ಅಯ್ಯೋ ಪಾಪವೇ. ಅದ್ಕ್ ತನ್ನೋರ್ ಅಂದೇಳಿ ಯಾರಾರ್ ಇದ್ದಿದ್ರಾ?"

ನನಗೆ ಆಗ ಇಪ್ಪತ್ತೆಂಟು ದಾಟಿತ್ತು. ಹೆಂಡತಿ ಇದ್ದಳು, ಒಂದು ಮಗು ಇತ್ತು, ಕೈಕೆಳಗೆ ನಾಲ್ಕು ಜನ ಇದ್ದರು. ಮುರಿದು ಹೋಗಲು ಯಾವ ಸಂಬಂಧವೂ ಬಾಕಿ ಇರಲಿಲ್ಲ. ಆದರೂ ನಾನು ಗೋಡೆಯ ಕಡೆ ಮುಖ ಮಾಡಿ, "ಗೊತ್ತಿಲ್ಲೆ" ಎಂದುಬಿಟ್ಟೆ.

ಕೆಳಗೆ ಚಹಾ ತಂದಿದ್ದ ಅಕ್ಕ ತಟ್ಟೆಯನ್ನು ನೆಲದ ಮೇಲಿಟ್ಟಳು. "ನಾವ್ ಇಲ್ದೇ ಮತ್ಯಾರ್ ಅಮ್ಮಾ? ಅದ್ ನಮ್ಮ್ ಅಪ್ಪಯ್ಯನ್ ಅಕ್ಕ. ನಮ್ಮಿಬ್ರನ್ನೂ ಸಾಕದ್ ಅದೇ. ಈ ಕಿಟಕಿ ನಾ ಮಾಡದ್ದಲ್ಲ, ಎರಡ್ ಮನೀದೂ ಅದೇ ಮಾಡದ್" ಎಂದಳು. ಹದಿನೈದು ವರ್ಷ ಅವಳು ಇದನ್ನು ಎಷ್ಟು ಸಲ ಒಳಗೊಳಗೇ ಹೇಳಿ ನೋಡಿಕೊಂಡಿದ್ದಳೋ.

ಮಾಡು ಕಳಚಿ ಬೀಳಲಿಲ್ಲ. ಆ ಮುದುಕಿ ಬೈಯಲೂ ಇಲ್ಲ. ಕಿಟಕಿಯನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು: "ಒಂದ್ ಮಾತ್ ಹೇಳ್ರೆ ಆತಿತ್ತಲ್ದನಾ? ಎಲೆ ಒಳ್ಗೇ ಹಾಕ್ತಿದ್ದೆ."

ಅಷ್ಟೇ. ನಾವು ಇಷ್ಟು ವರ್ಷ ಹೆದರಿದ್ದ ಮಾತಿಗೆ ಅವರ ಮನೆಯಲ್ಲಿ ಇದ್ದ ಬೆಲೆ ಅಷ್ಟೇ, ಒಂದು ಎಲೆಯನ್ನು ಹೊರಗಿನಿಂದ ಒಳಗೆ ಹಾಕುವಷ್ಟು. ಅವರು ಕೋಪ ಮಾಡಿಕೊಂಡಿದ್ದರೆ ನಾನೂ ಏನಾದರೊಂದು ಉತ್ತರ ಕೊಡುತ್ತಿದ್ದೆ. ಅಕ್ಕ ಚಹಾ ಎತ್ತಿಕೊಟ್ಟಳು. ಏಣಿ ಇಳಿದು ತೆಗೆದುಕೊಂಡೆ. ಅವಳು ನನ್ನ ಮುಖ ನೋಡಲಿಲ್ಲ.

ಈಗ ಯಾರಾದರೂ ಕೇಳಿದರೆ ಹೇಳಬಲ್ಲೆ. ಗುಲಾಬಿ ಎಂದು ಹೆಸರು, ನನ್ನ ಸ್ವಂತ ಅತ್ತೆ, ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಎಂದು ರಸ್ತೆಯ ನಡುವೆ ನಿಂತು ಹೇಳಬಲ್ಲೆ. ಆದರೆ ಅವಳನ್ನು ಕಂಡವರೆಲ್ಲ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಯಾರೂ ಕೇಳುವುದಿಲ್ಲ.